ಮೊದಲೇ ಹೊರಟ ಚೀಲ

ರಜೆ ಮುಗಿಸಿ ವಾಪಸು ಹೊರಡುವ ದಿನ ನಮ್ಮ ಮನೆಯಲ್ಲಿ ಏನಾದರೊಂದು ಆಗದೆ ಹೋದದ್ದಿಲ್ಲ. ಒಂದು ಸಲ ತೆರೆದಿಟ್ಟ ಪೆಟ್ಟಿಗೆಯಲ್ಲಿ ಬೆಕ್ಕು ಮರಿ ಹಾಕಿತ್ತು. ಎಲ್ಲವನ್ನೂ ಹೇಳುತ್ತ ಕೂತರೆ ಮಿತಭಾಷಿ ಎಂಬ ಹೆಸರು ಹೋಗುತ್ತದೆ. ಒಂದೇ ಪ್ರಯಾಣದ ಸಂಗತಿ ಹೇಳಿ ನಿಲ್ಲಿಸುತ್ತೇನೆ.

೧. ಲುಂಗಿ ಮಾಡಿದ ಅನಾಹುತ

ಆಗ ನಾನು ಮಸ್ಕತ್ತಿನಲ್ಲಿ ಒಂದು ಗೋದಾಮು ನೋಡಿಕೊಳ್ಳುತ್ತಿದ್ದೆ. ಹೆಂಡತಿ, ಮಗಳು ಅಲ್ಲೇ ಇದ್ದರು. ಮಂಗಳೂರಿನಿಂದ ನೇರ ವಿಮಾನ ಶುರುವಾಗಿ ಹೆಚ್ಚು ಕಾಲವಾಗಿರಲಿಲ್ಲ. ಮಂಗಳವಾರ ಸಂಜೆಗೆ ಟಿಕೇಟು. ಬುಧವಾರ ಹಾಜರಾಗದಿದ್ದರೆ ನನ್ನ ಕುರ್ಚಿಗೆ ಬೇರೆಯವನು ಬರುತ್ತಾನೆಂದು ಮೇಲಿನವರು ಮೊದಲೇ ತಿಳಿಸಿದ್ದರು. ಹಿಂದಿನ ಸಲ ನಾನು ತಡವಾಗಿ ಹೋಗಿದ್ದೆ.

ಮಂಗಳವಾರ ಹೊರಡುವುದು ಅಮ್ಮನಿಗೆ ಆಗದು. ಅದಕ್ಕೆ ನಮ್ಮಲ್ಲಿ ಉಪಾಯವಿದೆ, ಪ್ರಸ್ಥಾನ. ಹಿಂದಿನ ದಿನವೇ ಒಳ್ಳೆಯ ಗಳಿಗೆಯಲ್ಲಿ ಪ್ರಯಾಣಿಕನ ಒಂದು ವಸ್ತುವನ್ನು ನೆರೆಮನೆಯಲ್ಲಿ ಇಟ್ಟು ಬಂದರೆ ಅವನು ಹೊರಟಂತೆಯೇ ಲೆಕ್ಕ. ಮರುದಿನ ಹೋಗುವಾಗ ಎತ್ತಿಕೊಂಡರಾಯಿತು. ಆದರೆ ಆ ವಸ್ತು ಹಿಂದೆ ಬರಬಾರದು.

ಹಿಂದಿನ ಸಲ ನಾನು ಒಂದು ಹಳೆಯ ಲುಂಗಿ ಇಟ್ಟಿದ್ದೆ, ಎತ್ತಿಕೊಳ್ಳಲು ಮರೆತೆ. ಆಗ ಮುಂಬಯಿಗೆ ಹೋಗುವ ರೈಲು ತಡವಾಗಿ ವಿಮಾನ ತಪ್ಪಿತು. ಲುಂಗಿ ಊರಲ್ಲಿ ಉಳಿದರೆ ಮನುಷ್ಯ ಹೇಗೆ ಹೋಗುತ್ತಾನೆ ಎಂಬುದು ಅಮ್ಮನ ತರ್ಕ.

ಮಂಗಳವಾರ ಬೆಳಿಗ್ಗೆ ನನ್ನ ಕೈಚೀಲ ಗೂಟದಲ್ಲಿರಲಿಲ್ಲ. ಸೋಮವಾರವೇ ಚಿಕ್ಕಮ್ಮನ ಮನೆಯಲ್ಲಿ ಇಟ್ಟದ್ದೆಂದು ಅಮ್ಮ ಹೇಳಿದರು. ಅದರಲ್ಲಿ ಪಾಸ್‌ಪೋರ್ಟು, ಟಿಕೇಟು ಎಲ್ಲ ಇದೆಯಲ್ಲ ಎಂದೆ.

“ಅದ್ಕೇ ಇಟ್ಟದ್,” ಎಂದರು ಅಮ್ಮ. “ಈ ಸಲ ನೀ ಹ್ಯಾಂಗ್ ಮರೀತೆ ಕಾಂಬ.”

೨. ಬೀಗದ ಮನೆಯ ಫೋನು

ಚಿಕ್ಕಮ್ಮ ನಮಗೆ ನೆಂಟರಲ್ಲ. ಬೀಜಾಡಿಯಲ್ಲಿ ನಮ್ಮ ಮನೆಗೆ ತಾಗಿಯೇ ಇರುವ, ಮೀನಿನ ವ್ಯಾಪಾರದ ಮನೆಯವರು. ಊರಿಗೆಲ್ಲ ಚಿಕ್ಕಮ್ಮ. ಹೋಗಿ ನೋಡಿದರೆ ಬಾಗಿಲಿಗೆ ಬೀಗ.

ನನ್ನನ್ನು ಬಿಡಲು ಅಕ್ಕನ ಗಂಡ ಓಮ್ನಿ ತಂದಿದ್ದರು. ಅವರು ಚಿಕ್ಕಮ್ಮನ ಮೊಬೈಲಿಗೆ ಫೋನ್ ಮಾಡಿದರು. ಅದು ಬೀಗ ಹಾಕಿದ ಮನೆಯೊಳಗೇ ಬಡಿದುಕೊಳ್ಳತೊಡಗಿತು. ಭಾವ ಅಂಗಳದಿಂದ ಒಂದು ಕಲ್ಲು ಎತ್ತಿಕೊಂಡರು.

“ಹ್ವಾಯ್, ಕಲ್ಲ್ ಕೆಳ್ಗ್ ಹಾಕಿ. ಪ್ರಸ್ಥಾನ ಇಟ್ಟ ಮನೆ ಬೀಗ ಒಡುಕಾಗ,” ಎಂದರು ಅಮ್ಮ. ಭಾವ ಅತ್ತೆಯ ಮಾತು ಮೀರುವವರಲ್ಲ. ಕಲ್ಲು ಕೆಳಗೆ ಬಿತ್ತು.

ಚಿಕ್ಕಮ್ಮ ಮೊದಲ ಬಸ್ಸಿಗೇ ಮರವಂತೆಯ ಮಗಳ ಮನೆಗೆ ಹೋದರೆಂದು ಎದುರು ಮನೆಯವರು ತಿಳಿಸಿದರು. ಕಂಕುಳಲ್ಲಿ ಒಂದು ಚೀಲವಿತ್ತಂತೆ. ನಾನು ಓಮ್ನಿಯ ಕಡೆ ನಡೆದೆ. ಭಾವ ಮತ್ತೆ ಫೋನ್ ಮಾಡುತ್ತಿದ್ದರು. ಯಾಕೆಂದು ಕೇಳಿದೆ.

“ಒಂದ್ವೇಳೆ ಬಂದಿದ್ರೆ?” ಎಂದರು.

ಅವರು ನಿಂತಿದ್ದದ್ದು ಬೀಗದ ಬಾಗಿಲೆದುರೇ.

೩. ಊಟದ ಹೊತ್ತು

ವಿಮಾನ ನಿಲ್ದಾಣ ಇರುವುದು ತೆಂಕಿಗೆ. ನಾವು ಬಡಗಿಗೆ ಓಡುತ್ತಿದ್ದೆವು. ಹೋದ ದಾರಿಯನ್ನೆಲ್ಲ ತಿರುಗಿ ಬರಬೇಕೆಂಬುದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಒಂದು ಕಡೆ ಹೊಳೆ. ಅದನ್ನು ನೋಡಲು ಜನ ದೂರದಿಂದ ಬರುತ್ತಾರೆ. ನಾನು ಆ ದಿನ ಗಡಿಯಾರ ನೋಡಿದೆ.

ಚಿಕ್ಕಮ್ಮನ ಮಗಳು ಅಂಗಳದಲ್ಲಿ ಮೀನು ಹೆಚ್ಚುತ್ತಿದ್ದಳು. ನಮ್ಮನ್ನು ಕಂಡು ಅವಳಿಗೇ ಆಶ್ಚರ್ಯ.

“ಅಮ್ಮ ನಿಮ್ ಚೀಲ ಹಿಡ್ಕಂಡ್ ಬೈಂದೂರ್ ಸ್ಟೇಷನ್ನಿಗೆ ಹೋದ್ರಲೆ. ಗಲ್ಫಿಗೆ ಹೋಪವ್ರ್ ಬೊಂಬಾಯಿ ರೈಲ್ ಹತ್ತುದಲ್ದಾ?”

ತಪ್ಪು ಅವಳದ್ದಲ್ಲ. ಅಷ್ಟು ವರ್ಷ ನಾವೆಲ್ಲ ಗಲ್ಫಿಗೆ ಹೋದದ್ದು ಮುಂಬಯಿ ದಾರಿಯಲ್ಲೇ. ಹಿಂದಿನ ಸಲ ನಾನು ಕೊಲ್ಲೂರಿಗೆ ಹೋಗಿ ಬೈಂದೂರಿನಲ್ಲಿ ರೈಲು ಹತ್ತಿದ್ದೆ. ಕಳುಹಿಸಲು ಚಿಕ್ಕಮ್ಮನೂ ಬಂದಿದ್ದರು. ಈ ಸಲ ಪ್ರಸ್ಥಾನದ ಚೀಲ ನನಗಿಂತ ಮುಂದೆ, ಸರಿಯಾದ ದಿಕ್ಕಿಗೆ ಹೋಗಲೆಂದು ತಾವೇ ಹೊತ್ತುಕೊಂಡು ನಡೆದಿದ್ದರು. ನನ್ನ ವಿಮಾನ ಮಂಗಳೂರಿನಿಂದ ಎಂದೆ. ಅವಳು ಕತ್ತಿ ಕೆಳಗಿಟ್ಟು ಯೋಚಿಸಿದಳು.

“ಹಂಗಾರೆ ಊಟ ಮಾಡ್ಕಂಡೇ ಹೋಯ್ನಿ. ಹ್ಯಾಂಗೂ ತಡ ಆಯ್ತಲೆ.”

೪. ಸಮಯಕ್ಕೆ ಸರಿಯಾಗಿ

ಬೈಂದೂರಿನ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಚಿಕ್ಕಮ್ಮ ಕೂತಿದ್ದರು. ತೊಡೆಯ ಮೇಲೆ ಚೀಲ, ಚೀಲದ ಮೇಲೆ ಎರಡೂ ಕೈ. ನನ್ನನ್ನು ಕಂಡದ್ದೇ ಗದರಿದರು. “ಎಂತ ಮಗಾ, ರೈಲ್ ಬಪ್ಪುಕಾಯ್ತ್, ಈಗ ಬಂದ್ಯಾ? ಪೆಟ್ಟಿಗೆ ಎಲ್ಲಿ?”

ಮಂಗಳೂರಿನ ಸಂಗತಿ ಹೇಳಿದೆ.  ಅವರು ಚೀಲ ನನ್ನ ಕೈಗಿಟ್ಟು, “ಬೆಳಿಗ್ಗಿಂದ ಕೈಬಿಡ್ಲಿಲ್ಲೆ ಕಾಣ್. ಈ ಚೀಲದಷ್ಟ್ ಭದ್ರ ಜಾಗ ಬೇರೆ ಇಲ್ಲೆ,” ಎಂದರು. ತೆರೆದು ನೋಡಿದೆ. ಪಾಸ್‌ಪೋರ್ಟು ಇತ್ತು, ಟಿಕೇಟು ಇತ್ತು. ಸಿಟ್ಟು ಮಾಡಲು ಸಮಯವಿರಲಿಲ್ಲ.

ಚಿಕ್ಕಮ್ಮನನ್ನೂ ಹತ್ತಿಸಿಕೊಂಡು ಹೊರಡುವಾಗ ಮುಂಬಯಿ ರೈಲು ಬಂದು ನಿಂತಿತು. ಭಾವ ಗೇರು ಹಾಕದೆ ಅದನ್ನೇ ನೋಡಿದರು.

“ಇದ್ರಗೇ ಹೋಯ್ಲಕ್ಕಿತ್ತ್. ಇವತ್ತ್ ಸರೀ ಟೈಮಿಗ್ ಬಂದಿತ್ತ್.”

೫. ಶಾಸ್ತ್ರಕ್ಕೆ ಅಡ್ಡಿಯಿಲ್ಲ

ಹೊರಟ ಚೀಲ ಮನೆಯ ಕಡೆ ತಿರುಗಬಾರದಾದ್ದರಿಂದ, ಫೋನಿನಲ್ಲಿ ಸುದ್ದಿ ತಿಳಿದ ಅಮ್ಮ ಪೆಟ್ಟಿಗೆಗಳ ಜೊತೆ ಕೋಟೇಶ್ವರದಲ್ಲಿ ಹೆದ್ದಾರಿಯ ಬದಿಗೇ ಬಂದು ನಿಂತಿದ್ದರು. ಚಿಕ್ಕಮ್ಮ ಅವಸರದಲ್ಲಿ ಇಳಿದರು, ಪೆಟ್ಟಿಗೆಗಳು ಏರಿದವು. ಅಮ್ಮ ಕಿಟಕಿಯಲ್ಲಿ ಬಗ್ಗಿ ಭಾವನಿಗೆ ಒಂದೇ ಮಾತು ಹೇಳಿದರು. ಇನ್ನು ಗಾಡಿ ಹಿಂದೆ ತಿರುಗಕೂಡದು.

ಬ್ರಹ್ಮಾವರದಲ್ಲಿ ನಮ್ಮ ಮುಂದೆ ನೀರು ಸುರಿಸುತ್ತ ಒಂದು ಮೀನಿನ ಲಾರಿ ಹೋಗುತ್ತಿತ್ತು. ಅದನ್ನು ಹಿಂದೆ ಹಾಕುವ ಭರದಲ್ಲಿ ಭಾವ ಪೆಟ್ರೋಲ್ ಬಂಕು ದಾಟಿಬಿಟ್ಟರು. ಮುಳ್ಳು ಕೆಂಪು ಗೆರೆಯ ಕೆಳಗಿತ್ತು. ಬಂಕು ಕಣ್ಣಿಗೆ ಕಾಣುತ್ತಿದೆ, ತಿರುಗಿಸಿ ಎಂದೆ.

“ಅತ್ತೆ ಬ್ಯಾಡ ಅಂದಿರ್,” ಎಂದರು.

ತುಸು ಮುಂದೆ ಹೋಗಿ ಗಾಡಿ ತಾನಾಗಿ ನಿಂತಿತು. ಬಿಸಿಲು ಪಡುವಣಕ್ಕೆ ಇಳಿದಿತ್ತು. ನನ್ನ ಕುರ್ಚಿಯಲ್ಲಿ ಇನ್ನೊಬ್ಬ ಕೂತದ್ದು ನನಗೆ ಕಾಣತೊಡಗಿತ್ತು. ನಾನು ಇಳಿದು ಗಾಡಿ ದೂಡಲು ನಿಂತೆ. ಭಾವನೂ ಇಳಿದು ಬಂದು ನನ್ನ ಪಕ್ಕ ಹೆಗಲು ಕೊಟ್ಟರು.

“ಮುಂದೆ ದೂಡುಕೆ ಅಡ್ಡಿಲ್ಲೆ,” ಎಂದರು.

ಮುಂದಿನ ಬಂಕಿನವರೆಗೂ ದೂಡಿದೆವು.

೬. ಕೀ

ಕೌಂಟರು ಇನ್ನೇನು ಮುಚ್ಚುವುದರಲ್ಲಿತ್ತು. ಅಲ್ಲಿದ್ದವರು ಎಲ್ಲರನ್ನೂ ಕೇಳುವ ಪ್ರಶ್ನೆ ಕೇಳಿದರು. ಈ ಕೈಚೀಲ ನೀವೇ ತುಂಬಿದ್ದೇ? ಆಮೇಲೆ ಬೇರೆಯವರ ಕೈಗೆ ಹೋಗಿತ್ತೇ?

ಚೀಲ ಒಂದು ರಾತ್ರಿ ನೆರೆಮನೆಯಲ್ಲಿ ಮಲಗಿತ್ತು. ಬಸ್ಸಿನಲ್ಲಿ ಮರವಂತೆ ನೋಡಿತ್ತು. ಬೈಂದೂರಿನಲ್ಲಿ ರೈಲು ಕಾದಿತ್ತು. ಇಲ್ಲ ಎಂದೆ.

ಒಳಗೆ ತಪಾಸಣೆಯವರು ಅದನ್ನು ಪಕ್ಕಕ್ಕೆ ಎಳೆದರು. ಹೊರಜೇಬಿನಿಂದ ಅಂಗೈಯುದ್ದದ ಹಿತ್ತಾಳೆಯ ಕೀಲಿಕೈ ಬಂತು. ಏನಿದು ಎಂದರು. ಮನೆಯ ಕೀ ಎಂದೆ. ಯಾರ ಮನೆಯೆಂದು ಅವರು ಕೇಳಲಿಲ್ಲ. ನನ್ನ ಅಂಗಿಯ ಧೂಳು ನೋಡಿ ಬಿಟ್ಟುಬಿಟ್ಟರು.

ತಕ್ಷಣ ಅಮ್ಮನಿಗೆ ಫೋನ್ ಮಾಡಿದೆ. ಚಿಕ್ಕಮ್ಮ ಆಗಿನಿಂದ ತಮ್ಮ ಮೆಟ್ಟಿಲ ಮೇಲೆ ಕೂತಿದ್ದಾರಂತೆ. ಭಾವ ಇನ್ನೂ ಹೊರಗೇ ಇರುತ್ತಾರೆ, ಹೇಗಾದರೂ ಕೀ ಅವರಿಗೆ ತಲುಪಿಸುತ್ತೇನೆ ಎಂದೆ. ಅಮ್ಮ ಯೋಚಿಸಿದರು.

“ಬ್ಯಾಡ. ಪ್ರಸ್ಥಾನದ ಚೀಲದಗೆ ಇದ್ದದ್ ಹಿಂದೆ ಬಪ್ಪುಕಾಗ. ನೀ ತಕಂಡ್ ಹೋಗ್.”

“ಮತ್ತೆ ಚಿಕ್ಕಮ್ಮ?”

“ಬೀಗ ಒಡೆಸ್ತೆ. ಕಲ್ಲ್ ಇಲ್ಲೇ ಇತ್ತಲ್ಲ. ಫೋನ್ ಇಡ್ ಮಾರಾಯ, ಒಳ್ಗೆ ಅವ್ಳ್ ಮೊಬೈಲ್ ಬಡ್ಕಂತಿತ್ತ್, ಯಾರೋ ಏನೋ.”

ವಿಮಾನ ಹತ್ತಲು ಕರೆ ಬಂತು. ಹೊರಡುವ ಮುನ್ನ ಗಾಜಿನ ಆಚೆ ನೋಡಿದೆ. ಭಾವ ಕಂಬಕ್ಕೊರಗಿ, ಮೊಬೈಲನ್ನು ಕಿವಿಗೊತ್ತಿ, ಯಾರೋ ಎತ್ತುವುದನ್ನೇ ಕಾಯುತ್ತ ನಿಂತಿದ್ದರು.