ಮಣ್ಣಿಗಿ ಬೆಲ್ಲ ತಿನಿಸಿದ ವರ್ಷ

ಎಮ್ಮಿ ಕಟ್ಟಿದ ಮನ್ಯಾಗ ದಿನಾ ಒಂದಿಲ್ಲೊಂದು ನಡೀತಾನೇ ಇರ್ತದ್ರಿ. ನಗಬಾರ್ದು ಅಂತ ಬಾಯಿಗಿ ಸೆರಗ ಇಟ್ಕೊಂಡ್ರೂ ಹೊಟ್ಟಿ ಕೇಳಂಗಿಲ್ಲ. ಅದರಾಗ ಹೋದ ವರ್ಷ ನಾವು ಮಣ್ಣಿಗಿ ಔಷಧ ಮಾಡ್ಲಿಕ್ಕೆ ಹೊಂಟಾಗ ಆದದ್ದಂತೂ ಈಗ ನೆನೆಸಿದ್ರೂ ನಕ್ಕು ನಕ್ಕು ಪಕ್ಕೆಲಬು ನೋಯ್ತಾವ.

ನಮ್ಮದು ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿ. ಮನ್ಯಾಗ ನಾ, ಮಗ, ಸೊಸಿ, ಮತ್ತ ಕರಿಬಾಯಿ. ಕರಿಬಾಯಿ ಅಂದ್ರ ನಮ್ಮ ಎಮ್ಮಿ. ಆ ಬ್ಯಾಸಗಿ ಬರೇ ಒಣ ಜ್ವಾಳದ ಕಣಿಕಿ ತಿಂದು ತಿಂದು ಅದರ ಹಾಲು ಅರ್ಧ ಬಕೀಟಿಗಿ ಇಳೀತು.

"ಅವ್ವಾ, ಇದನ್ನ ಔರಾದದ ವ್ಯಾಪಾರಿಗಿ ಕೊಟ್ಟುಬಿಡ್ತೇನಿ. ಫೋನಿನ್ಯಾಗ ಮಾತಾಡೀನಿ," ಅಂದ ಮಗ.

ಕರು ಇದ್ದಾಗಿಂದ ನನ್ನ ಕೈಯಾಗ ಬೆಳದದ್ರಿ ಅದು.

ಅದೇ ವಾರ ಬೀದರದಾಗ ಒಬ್ರು ಕೃಷಿ ಮೇಡಂ ನಮ್ಮಂಥ ಹೆಣ್ಮಕ್ಕಳಿಗಿ ಜೀವಾಮೃತ ಮಾಡೋದು ಕಲಿಸಿದ್ರು. ಆಕಳ ಸಗಣಿ, ಗೋಮೂತ್ರ, ಬೆಲ್ಲ, ಕಡ್ಲಿ ಹಿಟ್ಟು, ಒಂದ ಹಿಡಿ ಮಣ್ಣು, ಎಲ್ಲಾ ಡ್ರಮ್ಮಿನ ನೀರಾಗ ಕಲಸಿ ಹುಳಿ ಬರಸೋದು. ಅದನ್ನ ಹಾಕಿದ್ರ ಮಣ್ಣಾಗಿನ ಜೀವ ಎದ್ದು ಹುಲ್ಲು ಛಲೋ ಬರ್ತದ, ಹಸಿ ಹುಲ್ಲು ತಿಂದ್ರ ಹಾಲು ಏರ್ತದ ಅಂತ.

ಮಗನ ಕೈ ಹಿಡ್ಕೊಂಡು ಅಂದೆ, "ಶ್ರಾವಣ ಮುಗಿಯೋ ತನಕ ತಡಿ. ಬಕೀಟು ತುಂಬಿದ್ರ ಕರಿಬಾಯಿ ಇರ್ತದ. ತುಂಬಲಿಲ್ಲಂದ್ರ ಮಾರು."

"ಆಯ್ತು," ಅಂದ.

ಗಂಜಿನಾಗ ಬೆಲ್ಲ

ಮೇಡಂ ಕಲಿಸಿದ ದಿನಾನೇ ಬೀದರದ ಗಾಂಧಿ ಗಂಜ್ ಪ್ಯಾಟಿಗಿ ಹೋಗಿ ಬೆಲ್ಲ, ಕಡ್ಲಿ ಹಿಟ್ಟು ಕೇಳ್ದೆ.

ಅಂಗಡಿ ಸಾವಕಾರ ಕೇಳ್ದ, "ಆಯಿ, ಮನ್ಯಾಗ ಲಗ್ನ ಏನ್ರಿ?"

"ಲಗ್ನ ಇಲ್ಲಪ್ಪಾ, ಮಣ್ಣಾಗಿನ ಹುಳಕ್ಕ ಊಟ. ಕಣ್ಣಿಗಿ ಕಾಣಂಗಿಲ್ಲ ಅವು."

ಸಾವಕಾರ ಕೈಯಾಗಿನ ಬಂಗಾರದಂಥ ಬೆಲ್ಲ ಮೆಲ್ಲಕ ಒಳಗಿಟ್ಟು, ಮೂಲ್ಯಾಗಿನ ಕರಿ ಬೆಲ್ಲ ತಗದ. ನಾ ಚೂರು ಮುರ್ದು ಬಾಯಾಗ ಹಾಕ್ಕೊಂಡೆ.

"ಹುಳಾ ತಿನ್ನೋದಕ್ಕ ನೀವ್ಯಾಕ ರುಚಿ ನೋಡ್ತೀರಿ?"

"ಊಟಕ್ಕ ಕರದ ಮ್ಯಾಲ ಹಳಸಿದ್ದು ಬಡಸ್ಲಿಕ್ಕೆ ಆಗ್ತದೇನು? ಛಲೋದು ತಗಿ!"

ಬೆನ್ನ ಮ್ಯಾಲ ತೊಗರಿ ಚೀಲ ಹೊತ್ತ ಹಮಾಲ ಅಲ್ಲೇ ನಿಂತು ಎಲ್ಲಾ ಕೇಳಿಸ್ಕೊಂಡ. "ಆಯಿ," ಅಂದ, "ಮುಂದಿನ ಜನ್ಮದಾಗ ನಿಮ್ಮ ಹೊಲದಾಗ ಹುಳಾ ಆಗಿ ಹುಟ್ತೇನ್ರಿ."

ಆಕಳ ಹಿಂದ

ನಮ್ಮನ್ಯಾಗ ಇದ್ದದ್ದು ಎಮ್ಮಿ, ಮೇಡಂ ಹೇಳಿದ್ದು ಜವಾರಿ ಆಕಳು. ಬಾಜೂ ಮನಿ ಆಕಳ ಹಿಂದ ಮುಂಜಾನಿ ಬಕೀಟು ಹಿಡ್ಕೊಂಡು ನಿಂತೆ. ತಾಸು ಆತು. ಆಕಳು ಹೊಳ್ಳಿ ಹೊಳ್ಳಿ ನನ್ನ ಮಾರಿ ನೋಡ್ತದ, ಉಚ್ಚಿ ಮಾತ್ರ ಹೊಯ್ಯಂಗಿಲ್ಲ. ಅದಕ್ಕೂ ನಾಚಿಕಿ ಇರ್ತದಲ್ರಿ.

ಬಾಜೂ ಮನ್ಯಾಕಿ ಅಂದ್ಳು, "ಆಯಿ, ಕೂಸಿಗಿ ಮಾಡಿದ್ಹಂಗ ಸುಸ್ಸ್ ಅನ್ರಿ."

ನಾ ಸುಸ್ಸ್ ಅಂದೆ. ಆಕಳು ಬಾಲಾ ಸುದ್ದಾ ಎತ್ತಲಿಲ್ಲ. ಒಳಗ ಚಹಾ ಕುಡೀಲತ್ತಿದ್ದ ಆಕಿ ಮಾವ ಬಶಿ ಇಟ್ಟು ಹಿತ್ತಲಕ್ಕ ಓಡಿದ. ಮುದುಕಗ ಮೊದಲೇ ಸಕ್ಕರಿ ಬ್ಯಾನಿ. ವಾಪಸ್ ಬಂದು ಕುಂತ. ನಾ ಮತ್ತ ಸುಸ್ಸ್ ಅಂದೆ. ಮತ್ತ ಓಡಿದ.

ಮೂರನೇ ಸಲ ಹಿತ್ತಲದಿಂದಾನೇ ಒದರಿದ, "ಸೊಸೀ, ಆಕಳ ಬಾಜೂ ಬಿಟ್ಟು ಆ ಬಕೀಟು ಇಲ್ಲಿ ಕಳಸಂತ ಹೇಳ ಆಯಿಗಿ!"

ಒಂದ ಹಿಡಿ ಮಣ್ಣು

ಅಂಗಡಿ ಗೊಬ್ಬರ ಚೀಲ ಕಾಣದ ಜಾಗಾದ ಮಣ್ಣು ಬೇಕಂತ ಮೇಡಂ ಹೇಳಿದ್ರು. ನಮ್ಮ ಹೊಲದಾಗ ಅಂಥಾ ಜಾಗಾ ಎಲ್ಲಿ ಬರಬೇಕು? ಬಾಜೂ ಹೊಲದವನ ಬಾಂದಿನ ಮ್ಯಾಲ, ಅಂದ್ರ ಗಡಿ ಒಡ್ಡಿನ ಮ್ಯಾಲ, ಬೇವಿನ ಗಿಡ ಇತ್ತು. ಅದರ ಬುಡದಾಗ ಒಂದ ಹಿಡಿ ತಗೊಂಡೆ. ಆ ಬಾಂದಿನ ಸಲುವಾಗಿ ನಮ್ಮ ಮಾವ, ಅವನ ಮುತ್ಯಾ ಬಡಿಗಿ ಹಿಡದವರು ಅನ್ನೋದು ನನಗ ಮರತೇ ಹೋಗಿತ್ತು.

"ಇವತ್ತ ಹಿಡಿ, ನಾಳಿ ಬುಟ್ಟಿ, ನಾಡದ ನನ್ನ ಬಾಂದೇ ಒಯ್ತೀರಿ!" ಅಂತ ಅವ ಮಂದಿ ಕೂಡಿಸಿದ.

ಹಿರ್ಯಾರು ಕಟ್ಟಿ ಮ್ಯಾಲ ಕುಂತು ನ್ಯಾಯ ಹೇಳಿದ್ರು: "ಒಂದ ಹಿಡಿ ವಾಪಸ್ ಕೊಡ್ರಿ."

ಅದು ಅಷ್ಟೊತ್ತಿಗಿ ಡ್ರಮ್ಮಿನ್ಯಾಗ ಕರಗಿತ್ತು. ನಮ್ಮ ಹೊಲದ್ದು ಕೊಟ್ರ, ಮೂಸಿ ನೋಡಿ "ಇದು ನಮ್ಮ ಮಣ್ಣಲ್ಲ" ಅಂದ. ಕಡೀಗಿ ಡ್ರಮ್ಮಿನ ನೀರೇ ಒಂದ ತಂಬಿಗಿ ಕೊಟ್ಟು ಕಳಸಿದ್ವಿ. ಸಿಟ್ಟಿನ್ಯಾಗ ಬಾಂದಿಗಿ ಹೊಯ್ದ. ಹದಿನೈದು ದಿನಕ್ಕ ಅಲ್ಲಿ ಹುಲ್ಲು ಮೊಳಕಾಲ ಮಟ ಬಂತು.

ಆವಾಗಿಂದ ದಿನಾ ಸಂಜಿಗಿ ತಂಬಿಗಿ ಹಿಡ್ಕೊಂಡು ನಿಂದರ್ತಾನ: "ಆಯಿ, ನಮ್ಮ ಮಣ್ಣು ಇನ್ನಾ ಪೂರಾ ವಾಪಸ್ ಬಂದಿಲ್ರಿ."

ಔರಾದದ ಬಸ್ಸು

ಶ್ರಾವಣಕ್ಕ ಮೊದಲೇ ಆ ಔರಾದದ ವ್ಯಾಪಾರಿ ಎಮ್ಮಿ ನೋಡ್ಲಿಕ್ಕೆ ಬರ್ತೇನಿ ಅಂತ ಫೋನ್ ಹಚ್ಚಿದ. ನಮ್ಮ ಹುಲ್ಲಿಗಿ ಜೀವಾಮೃತ ಹಾಕಿದ್ದೆ, ಖರೆ ಅದು ಇನ್ನಾ ಕೊಯ್ಲಿಕ್ಕೆ ಬಂದಿದ್ದಿಲ್ಲ. ತಡೀಲಿ ಅಂತ ಹೇಳ್ಲಿಕ್ಕೆ ನಾನೇ ಭಾಲ್ಕಿಗಿ ಹೋಗಿ ಔರಾದದ ಬಸ್ ಹತ್ತಿದೆ. ಔರಾದದಾಗ ತಂಗಿ ಇರ್ತಾಳಂತ ಆಕಿ ಹೊಲಕ್ಕೂ ಒಂದ ಬಾಟ್ಲಿ ಜೀವಾಮೃತ ತುಂಬ್ಕೊಂಡಿದ್ದೆ. ಬಿರಡಿ ಗಟ್ಟಿ ತಿರುವಿದ್ದೆ, ಒಳಗ ಹುಳಿ ಉಬ್ಬಿಕೋತ ಇತ್ತು.

ಬಸ್ಸು ತಗ್ಗಿನ್ಯಾಗ ಕುಣೀತು. ಢಬ್ ಅಂತ ಬಾಟ್ಲಿ ಬಿರಡಿ ಹಾರಿ ಜೀವಾಮೃತ ನನ್ನ ಸೀರಿಗೆಲ್ಲಾ ಚೆಲ್ಲಿತು. ಟಾಯರ್ ಹೋತು ಅಂತ ಡ್ರೈವರ್ ಗಾಡಿ ನಿಂದ್ರಿಸಿ ಇಳದ. ಅಷ್ಟರಾಗ ವಾಸನಿ ಎದ್ದಿತು. ಅವನ ಹಿಂದ ಬಸ್ಸೆಲ್ಲಾ ಇಳೀತು. ಮತ್ತ ಹತ್ತಿದವರು ಮುಂದ ಒತ್ತಿ ನಿಂತ್ರು, ಹಿಂದಿನ ಸೀಟೆಲ್ಲಾ ನಂದೇ. ಕಾಲ ಚಾಚಿ ಮಲಕ್ಕೊಂಡೇ ಹೋದೆ.

ಔರಾದದಾಗ ಆ ಸೀರಿ ಮ್ಯಾಲೇ ವ್ಯಾಪಾರಿ ಮುಂದ ನಿಂತು, ಹುಲ್ಲು ಬೆಳಸೋ ಔಷಧ ಹಾಕೀನಿ, ತಡಿ ಅಂದೆ. ಅವ ದಸ್ತಿ ಮೂಗಿಗಿ ಒತ್ತಿ ಹಿಂದ ಸರದ. "ಆಯಿ, ಶ್ರಾವಣ ಮುಗಿಯೋ ತನಕ ನಾ ಬರಂಗಿಲ್ಲ, ನಿಮ್ಮ ಪುಣ್ಯೇನ್ರಿ, ನೀವೂ ಬರಬ್ಯಾಡ್ರಿ!"

ಕಡೀ ಬಕೀಟು

ಶ್ರಾವಣದಾಗ ನಮ್ಮ ಹುಲ್ಲು ಮನಷಾನ ಎತ್ತರ ನಿಂತಿತು. ದಿನಾ ಕೊಯ್ದು ಹಾಕ್ದೆ, ಕರಿಬಾಯಿ ಹಾಲು ಏರಿಕೋತ ಬಂತು. ಮಗ ನಂಬಲಿಲ್ಲ. "ಅವ್ವಾ, ನೀ ಎಮ್ಮಿ ಉಳಸ್ಲಿಕ್ಕೆ ನೀರ ಬೆರಸ್ತಿ. ಕಡೀ ದಿನ ನಾ ಎದುರು ನಿಂತು ನೋಡ್ತೇನಿ. ವ್ಯಾಪಾರಿಗೂ ಬಾ ಅಂದೀನಿ."

ಹಿಂದಿನ ದಿನಾನೇ ಹುಲ್ಲು ಕೊಯ್ವಾಗ ಕುಡಗೋಲು ನನ್ನ ಕೈಗಿ ಹತ್ತಿತು. ಇಷ್ಟು ದಪ್ಪ ಪಟ್ಟಿ ಕಟ್ಟಿದ್ರು. ಸೊಸಿ ತವರಿಗಿ ಹೋಗಿದ್ಳು. ಮುಂಜಾನಿ ಮಗ ಹಿಂಡ್ಲಿಕ್ಕೆ ಕುಂತ್ರ ಕರಿಬಾಯಿ ಒದ್ದು ಅವನನ್ನ ಸಗಣ್ಯಾಗ ಕೆಡವಿತು. ಕರಿಬಾಯಿಗಿ ನಾ ಬೇಕು, ಇಲ್ಲಾ ನನ್ನ ವಾಸನಿ ಬೇಕು.

"ಅವ್ವಾ, ಹಾಲೇ ಬರವಲ್ದು. ಇವತ್ತೇ ಕೊಟ್ಟುಬಿಡ್ತೇನಿ," ಅಂದ.

"ವಚನ ಕೊಟ್ಟೀದಿ, ಬರಾಬರಿ ನೋಡು. ನನ್ನ ಸೀರಿ ಉಟ್ಕೊಂಡು ಹಿಂಡು," ಅಂದೆ.

"ಯಾರರೆ ನೋಡಿದ್ರ?"

"ಇಷ್ಟು ಜಲ್ದಿ ಯಾರ ಬರ್ತಾರ?"

ಉಟ್ಟ. ತಲಿ ಮ್ಯಾಲ ಸೆರಗ ಎಳಕೊಂಡು ಕುಂತ. ಕರಿಬಾಯಿ ಮೂಸಿ ನೋಡಿ ಕಣ್ಣ ಮುಚ್ಚಿ ನಿಂತಿತು. ಚರ್ ಚರ್ ಅಂತ ಹಾಲು ಬಿತ್ತು. ಅರ್ಧ ಆತು, ಮುಕ್ಕಾಲು ಆತು, ನೊರಿ ಅಂಚಿಗಿ ಬಂತು. ಅಷ್ಟರಾಗ ಬಾಗಲದಾಗ ವ್ಯಾಪಾರಿ!

ಅವ ಮಗನ ಬೆನ್ನಿಗಿ ಕೈ ಮುಗದು ಕೇಳ್ದ, "ಅಕ್ಕಾ, ಮಾಲಕರು ಅದಾರೇನ್ರಿ? ಎಮ್ಮಿ ಮಾತಿಗಿ ಬಂದೀನಿ."

ಮಗ "ನಾನೇ ಮಾಲಕ" ಅಂದ್ರ ಸೀರಿ ಸುದ್ದಿ ಸಂತಿ ತುಂಬ ಆಗ್ತದ. ನನ್ನ ಮಗ ಸೆರಗ ಇನ್ನಾ ಮುಂದ ಎಳಕೊಂಡು, ಸಣ್ಣ ದನೀಲೆ ಅಂದ:

"ಅವರು ಮನ್ಯಾಗಿಲ್ರಿ. ಎಮ್ಮಿ ಮಾರಂಗಿಲ್ಲ ಅಂತ ಹೇಳಿ ಹೋಗ್ಯಾರ."

ಆ ಮಾತಿಗೇ ಕರಿಬಾಯಿ ಬಾಲಾ ಬೀಸಿತು. ಸೆರಗ ಹಾರಿ ಕೊರಳಿಗಿ ಬಿತ್ತು. ವ್ಯಾಪಾರಿ ಬಗ್ಗಿ ಮಾರಿ ನೋಡ್ದ. ಆಮ್ಯಾಲ ನನ್ನ ಹಂತೇಕ ಬಂದು ಕಿವ್ಯಾಗ ಅಂದ:

"ಆಯಿ, ಸೊಸಿ ಕೈಗುಣ ಭಾಳ ಛಲೋ ಅದ್ರಿ. ಖರೆ, ಆ ಹುಲ್ಲಿನ ಔಷಧ ಆಕಿ ಕೈಗಿ ಕೊಡಬ್ಯಾಡ್ರಿ, ಆಗಲೇ ಮೀಸಿ ಎಷ್ಟು ದಟ್ಟ ಬೆಳದಾವ ನೋಡ್ರಿ!"