ರಕ್ಕಸಿಗೊಂದು ಒಳ್ಳೆಯ ಗುಣ

ಭೂತಗನ್ನಡಿಯ ನೆಮ್ಮದಿ ಕೆಡಿಸಿದ್ದು ನಲವತ್ತಮೂರು ಹಳದಿ ಚೀಟಿಗಳು.

ಭೂತಗನ್ನಡಿ ಎಂಬುದು ಅಡ್ಡಹೆಸರು. ಅವನಿಗಿದ್ದದ್ದು ಕನ್ನಡಕದ ಅಂಗಡಿ, ಬಿಡುವಿನಲ್ಲಿ ಬರೆಯುತ್ತಿದ್ದದ್ದು ದೆವ್ವದ ಕಾದಂಬರಿ. ಎರಡನ್ನೂ ಸೇರಿಸಿ ಬೀದಿಯವರು ಒಂದೇ ಹೆಸರಿನಲ್ಲಿ ಮುಗಿಸಿದ್ದರು. ಇಲ್ಲಿಯವರೆಗೆ ಬರೆದದ್ದು ಹನ್ನೊಂದು. ಹನ್ನೊಂದರಲ್ಲೂ ಕೆಟ್ಟವರು ತೊಟ್ಟಿಲಲ್ಲೇ ಕೆಟ್ಟವರು. ಕುಂಟನಾದರೆ ಹೆಣ ಕದಿಯುತ್ತಿದ್ದ, ಗೂನನಾದರೆ ಮಾಟ ಮಾಡುತ್ತಿದ್ದ, ಮದುವೆಯಾಗದ ಹೆಂಗಸಾದರೆ ರಕ್ತ ಕುಡಿಯುತ್ತಿದ್ದಳು. ಕೊನೆಯ ಪುಟದವರೆಗೂ ಒಬ್ಬರಿಗೂ ಪಶ್ಚಾತ್ತಾಪ ಎಂಬುದರ ನೆಗಡಿ ಕೂಡ ಆಗುತ್ತಿರಲಿಲ್ಲ.

ಅವನ ಮೊದಲ ಕಾದಂಬರಿ 'ಎಡಗಣ್ಣಿನ ರಕ್ಕಸಿ' ಅಂಗಡಿಗಳಿಂದ ಮಾಯವಾಗಿ ಇಪ್ಪತ್ತು ವರ್ಷ ದಾಟಿತ್ತು. ಅದನ್ನು ಮತ್ತೆ ಅಚ್ಚು ಹಾಕುತ್ತೇವೆಂದು ಪ್ರಕಾಶನದ ಹೊಸ ಸಂಪಾದಕಿ ಹೋದ ತಿಂಗಳು ಫೋನು ಮಾಡಿದ್ದಳು. "ಒಬ್ಬ ಓದುಗರು ಪ್ರತಿ ವರ್ಷ ನಮಗೆ ಕಾಗದ ಬರೀತಾರೆ ಸಾರ್, ಈ ಪುಸ್ತಕ ಮತ್ತೆ ತನ್ನಿ ಅಂತ. ಹನ್ನೊಂದು ವರ್ಷದಿಂದ!" ಭೂತಗನ್ನಡಿ ಆ ರಾತ್ರಿ ನಿದ್ದೆ ಮಾಡಿರಲಿಲ್ಲ.

ಈ ಬೆಳಿಗ್ಗೆ ಬಂದ ಕಟ್ಟಿನಲ್ಲಿ ಹಳೆಯ ಪುಸ್ತಕದ ಒಂದು ಪ್ರತಿಯಿತ್ತು, ಮೈತುಂಬ ಹಳದಿ ಚೀಟಿ ಅಂಟಿಸಿಕೊಂಡು ಕಾಮಾಲೆ ಹಿಡಿದ ಮುಳ್ಳುಹಂದಿಯ ಹಾಗೆ. ಮೂರನೆಯ ಚೀಟಿ: 'ಮೆಳ್ಳಗಣ್ಣು ಇದ್ದ ಮಾತ್ರಕ್ಕೆ ಕೆಟ್ಟವಳೇ? ತೆಗೆಯಿರಿ.' ಒಂಬತ್ತನೆಯದು: 'ಒಂಟಿ ಹೆಂಗಸು ಎಂದರೆ ಮಾಟಗಾತಿಯೇ? ಹಳೆಯ ಕಾಲದ ಯೋಚನೆ.' ಹದಿನೇಳನೆಯದು: 'ಎರಡು ಮೆಟ್ಟಿಲು ಇಳಿದು ಮೂರನೆಯದನ್ನು ಹಾರಿಸುತ್ತಾಳೆ ಎಂದಿದೆ. ಮನುಷ್ಯರು ಯಾರೂ ಹೀಗೆ ಇಳಿಯುವುದಿಲ್ಲ. ತೆಗೆಯಿರಿ.' ನಲವತ್ತಮೂರನೆಯದು: 'ಇವಳಲ್ಲಿ ಒಂದಾದರೂ ಒಳ್ಳೆಯ ಗುಣ? ಕೊನೆಯ ಅಧ್ಯಾಯ ಬದಲಿಸಿ ಇವತ್ತು ಸಂಜೆ ಐದರೊಳಗೆ ತನ್ನಿ. ತಪ್ಪಿದರೆ ಈ ಪುಸ್ತಕ ಪಟ್ಟಿಯಿಂದ ಹೋಗುತ್ತದೆ.'

ಚೀಟಿಗಳು ಹೇಳಿದ್ದು ಸುಳ್ಳಲ್ಲ, ಅದೇ ಕಷ್ಟವಾಗಿತ್ತು. ಅಂಗಡಿಗೆ ಮಗುವನ್ನೆತ್ತಿಕೊಂಡು ಬಂದ ತಾಯಂದಿರಿಗೆ ಅವನೇ ಎಷ್ಟು ಸಲ ಹೇಳಿರಲಿಲ್ಲ: "ಕಣ್ಣಿನ ಸುತ್ತ ಆರು ಸ್ನಾಯು ಇದೆ ತಾಯಿ. ಒಂದು ಸ್ವಲ್ಪ ಬಿಗಿಯಾಗಿದೆ, ಅಷ್ಟೇ." ಅದೇ ಮನುಷ್ಯ ಕಾದಂಬರಿಯಲ್ಲಿ ಬರೆದದ್ದು: 'ಅವಳು ಬಲಗಣ್ಣಿನಿಂದ ನಿಮ್ಮನ್ನು ನೋಡುವಾಗ ಎಡಗಣ್ಣು ನಿಮ್ಮ ಸಾವನ್ನು ನೋಡುತ್ತಿರುತ್ತದೆ.'

ಅಂಗಡಿಯ ಹಿಂದಿನ ಮನೆಯಿಂದ ಅಕ್ಕ ಚಹಾ ತಂದು ಚೀಟಿಗಳನ್ನು ನೋಡಿದಳು.

"ಅವಳ ಕತೆಯೇನೋ ಇದು?"

"ಯಾರದ್ದು?"

"ಎದುರು ಮಹಡಿಯವಳದ್ದು. ನನ್ನ ಹತ್ರ ನಾಟಕ ಬೇಡ. ಇಷ್ಟಪಟ್ಟವಳ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ಕಳಿಸಿ, ಆಮೇಲೆ ಅವಳನ್ನ ರಕ್ಕಸಿ ಮಾಡಿದ ಗಂಡಸು ಈ ಭೂಮಿ ಮೇಲೆ ನೀನೊಬ್ಬನೇ ಕಣೋ."

ಇಪ್ಪತ್ತೆಂಟು ವರ್ಷದ ಹಿಂದೆ ಎದುರಿನ ಮಹಡಿಯಲ್ಲಿ ಒಬ್ಬಳು ಬಾಡಿಗೆಗಿದ್ದಳು. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಅವಳ ಎಡಗಣ್ಣು ಕೊಂಚ ಓರೆ, ಎಡಕಿವಿ ಬಲಕಿವಿಗಿಂತ ಎರಡು ಮಿಲಿಮೀಟರ್ ಕೆಳಗೆ. ಮೆಟ್ಟಿಲಿಳಿಯುವಾಗ ಎರಡು ಇಳಿದು ಒಂದನ್ನು ಹಾರಿಸುತ್ತಿದ್ದಳು: ಟಕ್, ಟಕ್, ಒಂದು ಮೌನ. ಆ ಮೌನದಷ್ಟು ಹೊತ್ತು ಅಂಗಡಿಯಲ್ಲಿ ಒಬ್ಬನ ಎದೆಬಡಿತವೂ ನಿಲ್ಲುತ್ತಿತ್ತು. ಅವಳ ಕನ್ನಡಕದ ಕಡ್ಡಿ ಸಡಿಲವಾದಾಗ ಸ್ಕ್ರೂ ಬಿಗಿಯುವ ಭಾಗ್ಯ ಅವನದಾಗುತ್ತಿತ್ತು. ಅರ್ಧ ಸುತ್ತು ಬಾಕಿ ಬಿಟ್ಟರೆ ಸರಿಯಾಗಿ ಇಪ್ಪತ್ತೈದನೆಯ ದಿನಕ್ಕೆ ಕಡ್ಡಿ ಅಲುಗುತ್ತದೆ ಎಂದು ಅವನು ಪ್ರಯೋಗ ಮಾಡಿ ಕಂಡುಕೊಂಡಿದ್ದ. ಹೀಗೆ ಹದಿನಾಲ್ಕು ಸಲ ಬಂದಳು. ಹದಿನಾಲ್ಕು ಸಲವೂ ಅವನು ಕಣ್ಣೆತ್ತದೆ ಸ್ಕ್ರೂ ನೋಡಿದ. ಕೊನೆಗೆ ಗಿರಾಕಿಗೆ ಮೋಸ ಮಾಡುತ್ತಿದ್ದೇನೆ ಎಂಬ ಸಂಕಟ ತಡೆಯಲಾರದೆ, ಹೇಗಾದರೂ ಮನಸ್ಸು ಬಿಚ್ಚಬೇಕೆಂದು ಹೊಸ ಅಂಗಿ ಹಾಕಿಕೊಂಡು ನಿಂತು, ಒಂದು ಪುಟ್ಟ ಹಿತ್ತಾಳೆ ಸ್ಕ್ರೂಡ್ರೈವರನ್ನು ಅವಳ ಕೈಗಿಟ್ಟು ಹೇಳಿದ್ದು: "ಇನ್ನು ಮೇಲೆ ನೀವೇ ತಿರುಗಿಸ್ಕೋಬಹುದು."

ಅವಳು ಮತ್ತೆ ಬರಲಿಲ್ಲ. ವರ್ಷದೊಳಗೆ ಊರೇ ಬಿಟ್ಟಳು.

ಹೇಳಲಾಗದ್ದನ್ನು ಅವನು ಬರೆದ. ಬರೆಯಲು ಬರುತ್ತಿದ್ದದ್ದು ದೆವ್ವದ ಕತೆ ಒಂದೇ. ಬಡಗಿಗೆ ಪ್ರೀತಿ ಹುಟ್ಟಿದರೆ ಕುರ್ಚಿ ಮಾಡುತ್ತಾನೆ. ಇವನು ರಕ್ಕಸಿ ಮಾಡಿದ. ಬೇರೆ ಹೆಸರಿನಲ್ಲಿ ಅಚ್ಚಾದ ಪುಸ್ತಕ ಅವಳ ಕೈಗೆ ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ಮತ್ತೆ ಅಚ್ಚಾದರೆ ಯಾವುದೋ ಊರಿನ ಯಾವುದೋ ಅಂಗಡಿಯ ಗಾಜಿನ ಹಿಂದೆ ಅವಳು ಅದನ್ನು ನೋಡಬಹುದು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಅವನು ಪೆನ್ನು ಹಿಡಿದು ಕೂರುವಷ್ಟರಲ್ಲಿ ಪಕ್ಕದ ದರ್ಜಿ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಕುಂಟುತ್ತ ಬಂದ. ಎರಡನೆಯ ಕಾದಂಬರಿಯ ಹೆಣಗಳ್ಳ ಈತನೇ ಎಂದು ಬೀದಿಗೆಲ್ಲ ಗೊತ್ತಿತ್ತು.

"ನನ್ನನ್ನೂ ಒಳ್ಳೆಯವನನ್ನಾಗಿ ಮಾಡ್ತಾರಾ ಸಾರ್?" ದರ್ಜಿಯ ದನಿಯಲ್ಲಿ ಆತಂಕವಿತ್ತು. "ಬೇಡ ಅಂತ ಹೇಳಿ. ನಾನು ಹೆಣ ಕದ್ದಿದ್ದಕ್ಕೇ ಮೊಮ್ಮಕ್ಕಳು ನನಗೆ ಹೆದರೋದು. ಇಲ್ಲಾಂದ್ರೆ ಕಾಜಾ ಗುಂಡಿ ಹಾಕೋ ಮುದುಕ ಅಷ್ಟೇ."

"ಇವತ್ತು ನಿಮ್ಮ ಸರದಿ ಅಲ್ಲ ಮಾರಾಯ್ರೇ. ರಕ್ಕಸಿಗೆ ಒಂದು ಒಳ್ಳೆಯ ಗುಣ ಬೇಕು."

"ಅಷ್ಟೇನಾ? ಬೀದಿನಾಯಿಗೆ ಅನ್ನ ಹಾಕ್ಲಿ ಬಿಡಿ."

ಭೂತಗನ್ನಡಿ ಬರೆದುಕೊಂಡ. ದರ್ಜಿ ಉತ್ಸಾಹದಿಂದ ಫ್ಯಾನಿನ ಗುಂಡಿ ಒತ್ತಿದ. ನಲವತ್ತಮೂರು ಚೀಟಿಗಳೂ ಒಟ್ಟಿಗೆ ಎದ್ದು, ಅಂಗಡಿಯ ತುಂಬ ಹಾರಾಡಿ, ಒಂದು ದರ್ಜಿಯ ಹಣೆಗೇ ಅಂಟಿತು. ಅದರಲ್ಲಿ 'ಈ ಪಾತ್ರದ ಅಗತ್ಯವಿದೆಯೇ?' ಎಂದಿತ್ತು. ಯಾವ ಚೀಟಿ ಯಾವ ಪುಟದ್ದೆಂದು ಹೇಳಲು ಈಗ ಬ್ರಹ್ಮನಿಗೂ ಆಗುತ್ತಿರಲಿಲ್ಲ. ಎಲ್ಲ ಚೀಟಿಗಳ ಮಾತನ್ನೂ ಎಲ್ಲ ಪುಟಗಳಲ್ಲೂ ಪಾಲಿಸುವುದೇ ಕ್ಷೇಮ ಎಂದು ಭೂತಗನ್ನಡಿ ತೀರ್ಮಾನಿಸಿದ. ಮೆಳ್ಳಗಣ್ಣು ಹೋಯಿತು. ಕೆಳಗಿಳಿದ ಕಿವಿ ಹೋಯಿತು. ಮೆಟ್ಟಿಲು ಹಾರಿಸುವುದೂ ಹೋಯಿತು. ಆ ಸಾಲುಗಳ ಮೇಲೆ ಗೆರೆ ಎಳೆಯುವಾಗ ಪೆನ್ನು ಎರಡು ಸಲ ನಿಂತಿತು. ಮಸಿ ಮುಗಿದಿರಬೇಕೆಂದು ಅವನು ಕೊಡವಿ ನೋಡಿದ. ಮಸಿ ಇತ್ತು.

ಮಧ್ಯಾಹ್ನದ ಹೊತ್ತಿಗೆ ಕರಡು ಎದುರಿನ ಜೆರಾಕ್ಸ್ ಅಂಗಡಿಗೆ ಹೋಯಿತು. ಅಲ್ಲಿ ಟೈಪ್ ಮಾಡುವಾಕೆಗೆ ಅಕ್ಷರಕ್ಕಿಂತ ಅಭಿಪ್ರಾಯ ಬೇಗ ಬರುತ್ತಿತ್ತು.

"ಬರೀ ನಾಯಿಗೆ ಅನ್ನ ಹಾಕಿದ್ರೆ ಸಾಕಾಗಲ್ಲ ಸಾರ್. ರಕ್ತ ಕುಡೀತಿದ್ದಳು ತಾನೆ? ಈಗ ರಕ್ತದಾನ ಮಾಡ್ಲಿ."

"ಅದು ಜಾಸ್ತಿ ಆಗಲ್ವಾ ಅಮ್ಮ?"

"ಟೈಪ್ ಆಯ್ತು. ಮುಂದೆ ಹೇಳಿ."

ಹಿಂದೆಯೇ ಬಂದ ಅಕ್ಕ, ಅನಾಥ ಮಗುವನ್ನು ಸಾಕಲಿ ಎಂದಳು. ದರ್ಜಿ, ಮುದುಕರಿಗೆ ಉಚಿತವಾಗಿ ಬಟ್ಟೆ ಹೊಲಿಸಿಕೊಡಲಿ, ನನ್ನ ಹತ್ತಿರವೇ ಹೊಲಿಸಲಿ ಎಂದ. ಭೂತಗನ್ನಡಿಗೂ ಕ್ರಮೇಣ ಕೈ ಕುದುರಿತು. ಇಷ್ಟು ವರ್ಷ ಹೇಳದೆ ಉಳಿದದ್ದೆಲ್ಲ ಈಗ ಸುರಿಯತೊಡಗಿತು: ಅವಳ ದಯೆ, ತಾಳ್ಮೆ, ಹೂವಿನಂಥ ಮನಸ್ಸು, ಚಂದ್ರನಂಥ ಮುಖ. ಮೂರೂವರೆಗೆ ಮುಗಿದಾಗ ರಕ್ಕಸಿ ಸಿಡಿಲಿಗೆ ಸಿಕ್ಕು ಸುಟ್ಟುಹೋಗುವ ಬದಲು ಸನ್ಮಾನ ಸ್ವೀಕರಿಸುತ್ತಿದ್ದಳು.

"ಇಂಥ ಹೆಂಗಸನ್ನ ಕಂಡು ನಾಯಕ ಯಾಕೆ ಸಾರ್ ಕಿಟಕಿಯಿಂದ ಹಾರ್ತಾನೆ?" ದರ್ಜಿ ಕೇಳಿದ.

"ಸಂತೋಷಕ್ಕೆ," ಎಂದು ಟೈಪಿನಾಕೆ ಅದನ್ನೂ ಸೇರಿಸಿಬಿಟ್ಟಳು.

ಪ್ರಕಾಶನದ ಕಚೇರಿ ಎರಡನೆಯ ಮಹಡಿಯಲ್ಲಿತ್ತು. ನಾಲ್ಕಕ್ಕೆ ಭೂತಗನ್ನಡಿ ಏದುಸಿರು ಬಿಡುತ್ತ ಹಾಳೆಗಳನ್ನು ಕೊಟ್ಟ. ಸಂಪಾದಕಿಗೆ ಅವನ ಮಗಳಾಗುವ ವಯಸ್ಸು. ಒಂದೊಂದೇ ಹಾಳೆ ತಿರುವಿ ಮುಖ ಅರಳಿಸಿದಳು.

"ಎಷ್ಟು ಚೆನ್ನಾಗಿ ತಿದ್ದಿದ್ದೀರಿ ಸಾರ್! ಅಂದ ಹಾಗೆ, ಕಾಗದ ಬರೀತಿದ್ದ ಓದುಗರು ಇವತ್ತು ಬಂದಿದ್ದಾರೆ. ಒಳಗೆ ಕೂತಿದ್ದಾರೆ. ಈ ಅಧ್ಯಾಯ ಅವರಿಗೆ ತೋರಿಸ್ಲಾ? ಯಾರು ಬರೆದಿದ್ದು ಅಂತ ಆಮೇಲೆ ಹೇಳ್ತೀನಿ."

ಹಾಳೆಗಳು ಒಳಕೋಣೆಗೆ ಹೋದವು. ಭೂತಗನ್ನಡಿ ಬಾಗಿಲ ಹೊರಗಿನ ಬೆಂಚಿನ ತುದಿಯಲ್ಲಿ, ಫಲಿತಾಂಶ ಕಾಯುವ ಹುಡುಗನ ಹಾಗೆ ಕೂತ. ಅರ್ಧ ಗಂಟೆಯಾದ ಮೇಲೆ ನರೆಗೂದಲಿನ ಹೆಂಗಸೊಬ್ಬಳು ಹೊರಬಂದಳು. ಕನ್ನಡಕದ ಹಿಂದಿನ ಎರಡೂ ಕಣ್ಣು ನೇರವಾಗಿದ್ದವು. ಎದುರು ಮಹಡಿಯವಳಲ್ಲ ಎಂದು ಅವನು ಉಸಿರು ಬಿಟ್ಟ.

"ಇದು ನನ್ನ ಪುಸ್ತಕ ಅಲ್ಲಮ್ಮ," ಎಂದು ಅವಳು ಹಾಳೆಗಳನ್ನು ಮೇಜಿನ ಮೇಲಿಟ್ಟಳು. "ಈ ಹೆಂಗಸು ಯಾರೋ ನನಗೆ ಗೊತ್ತಿಲ್ಲ. ತುಂಬಾ ಒಳ್ಳೆಯವಳು, ಪಾಪ. ಮುಖಾನೇ ಇಲ್ಲ."

"ಹಳೆಯದರಲ್ಲಿ ಮೆಳ್ಳಗಣ್ಣಿನವರನ್ನ ಕೆಟ್ಟವರು ಅಂತ ತೋರಿಸಿದ್ರಲ್ಲ ಮೇಡಂ, ಅದು ತಪ್ಪಲ್ವಾ?"

"ತಪ್ಪೇ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನ್ನದೂ ಮೆಳ್ಳಗಣ್ಣೇ, ನಲವತ್ತರ ಮೇಲೆ ಆಪರೇಷನ್ ಮಾಡಿಸಿಕೊಂಡೆ. ಆದರೆ ಅಲ್ಲಿವರೆಗೆ ನೋಡಿದವರೆಲ್ಲ ಅಯ್ಯೋ ಪಾಪ ಅಂದವರೇ. ಪಾಪ ಅನ್ನದೆ ಹೆದರಿದವನು ಆ ಪುಸ್ತಕ ಬರೆದವನೊಬ್ಬನೇ. ಯಾರೋ ಒಬ್ಬ ನನ್ನನ್ನ ದಿನಾ ಅಷ್ಟು ಹತ್ತಿರದಿಂದ ನೋಡ್ತಿದ್ದ ಅಂದ್ಕೊಂಡಿದ್ದೆ. ನನ್ನ ಕಿವಿ, ನನ್ನ ನಡಿಗೆ, ಎಲ್ಲ ಇತ್ತಲ್ಲ ಅದರಲ್ಲಿ." ಅವಳು ನಕ್ಕು ಕನ್ನಡಕ ತೆಗೆದಳು. ಕಡ್ಡಿ ಜೋತಾಡಿತು. "ನೋಡಿ, ಇದೂ ಕೈ ಕೊಟ್ಟಿತು."

"ಇವರು ಕನ್ನಡಕದವರೇ ಮೇಡಂ," ಸಂಪಾದಕಿ ಎಂದಳು. "ಕೊಡಿ, ಮಾಡಿಕೊಡ್ತಾರೆ."

ಭೂತಗನ್ನಡಿ ಕನ್ನಡಕವನ್ನು ಕೈಗೆ ತೆಗೆದುಕೊಂಡ. ಎಡಗಡೆಯ ಕಡ್ಡಿಯನ್ನು ಎರಡು ಮಿಲಿಮೀಟರ್ ಕೆಳಗೆ ಬಗ್ಗಿಸಲಾಗಿತ್ತು. ಅವನ ಬೆರಳುಗಳು ಅಲ್ಲೇ ನಿಂತವು. ಕಣ್ಣೆತ್ತಬೇಕೆಂದುಕೊಂಡ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ತಲೆ ಬಗ್ಗಿಸಿದ.

"ಅರೆ!" ಎಂದಳು ಅವಳು, ಬೋಳುತಲೆಯನ್ನು ನೋಡುತ್ತ. "ಹೀಗೆ ಕತ್ತು ಬಗ್ಗಿಸೋರು ಒಬ್ಬರೇ. ನೀವು ಆ ಬೀದಿಯ ಕನ್ನಡಕದ ಅಂಗಡಿಯವರಲ್ವಾ? ಅಂಗಡಿ ಇನ್ನೂ ಅಲ್ಲೇ ಇದೆಯಾ?"

"ಅಲ್ಲೇ ಇದೆ."

"ನಾನು ಮೊನ್ನೆ ಇದೇ ಊರಿಗೆ ವಾಪಸ್ ಬಂದೆ."

ಸಂಪಾದಕಿಗೆ ಇನ್ನು ತಡೆಯಲಾಗಲಿಲ್ಲ. "ಮೇಡಂ, ಆ ಕಾದಂಬರಿ ಬರೆದವರು ಇವರೇ!"

ಭೂತಗನ್ನಡಿಯ ಕಿವಿ ಕಾದ ಹಂಚಿನಂತಾಗಿತ್ತು. ಈಗ ಅವಳಿಗೆ ಎಲ್ಲ ತಿಳಿಯುತ್ತದೆ. ಅವನು ಏನೂ ಹೇಳಬೇಕಾಗಿಲ್ಲ.

"ಇವರಾ?" ಅವಳು ನಿಧಾನವಾಗಿ ಎಂದಳು. "ಹಾಗಾದ್ರೆ ಖಾತ್ರಿಯಾಯ್ತು ಬಿಡಮ್ಮ. ಅದು ನಾನಲ್ಲ. ಆ ಬೀದಿಯ ಒಬ್ಬೊಬ್ಬ ಗಂಡಸಿನ ಮೇಲೂ ಅನುಮಾನ ಪಟ್ಟಿದ್ದೆ ನಾನು, ಪೋಸ್ಟಿನವನನ್ನೂ ಬಿಡಲಿಲ್ಲ. ಪಟ್ಟಿಯಿಂದ ಮೊದಲು ಹೊಡೆದುಹಾಕಿದ್ದು ಇವರ ಹೆಸರು. ಇವರು ಒಂದು ದಿನವೂ ನನ್ನ ಮುಖ ನೋಡಿದವರಲ್ಲ." ಆಮೇಲೆ ಅವನ ಕಡೆ ತಿರುಗಿ, ಕೊಂಚ ತಗ್ಗಿದ ದನಿಯಲ್ಲಿ ಕೇಳಿದಳು: "ಯಾರು ಅವಳು?"

ಇಪ್ಪತ್ತೆಂಟು ವರ್ಷ ಅವನು ಕಾದಿದ್ದು ಈ ಒಂದು ಪ್ರಶ್ನೆಗೆ.

"ಇದ್ದಳು... ಒಬ್ಬಳು."

"ಅವಳಿಗೆ ಗೊತ್ತಿತ್ತಾ?"

"ಇಲ್ಲ."

"ಅಯ್ಯೋ ಪಾಪ," ಎಂದಳು ಅವಳು. ಜೀವಮಾನವಿಡೀ ತನಗೆ ಸಿಕ್ಕಿದ್ದನ್ನು ಅವನಿಗೆ ಕೊಟ್ಟಳು.

ಅವನಿಗೆ ಬರುತ್ತಿದ್ದ ಭಾಷೆ ಇನ್ನೊಂದೇ ಉಳಿದಿತ್ತು. ಸ್ಕ್ರೂವನ್ನು ತಿರುಗಿಸುತ್ತ ಬಂದು, ಕೊನೆಯ ಅರ್ಧ ಸುತ್ತಿಗೆ ಕೈ ನಿಲ್ಲಿಸಿದ. ಇಪ್ಪತ್ತೈದು ದಿನ. ಅಂಗಡಿ ಅಲ್ಲೇ ಇದೆ, ಅವಳೂ ಇದೇ ಊರಿನಲ್ಲಿದ್ದಾಳೆ. ಇಪ್ಪತ್ತೈದನೆಯ ದಿನ ಅವಳು ಬಂದಾಗ ಖಂಡಿತ ತಲೆ ಎತ್ತುತ್ತೇನೆ. ಬಟ್ಟೆಯಿಂದ ಗಾಜು ಒರೆಸಿ ಕನ್ನಡಕ ಕೊಟ್ಟ.

ಅವಳು ಹಾಕಿಕೊಂಡು, ತಲೆಯನ್ನು ಎಡಬಲ ಆಡಿಸಿ, ಮತ್ತೆ ತೆಗೆದಳು. ಕೈಚೀಲದಲ್ಲಿ ತಡಕಿ ಒಂದು ಪುಟ್ಟ ಹಿತ್ತಾಳೆ ಸ್ಕ್ರೂಡ್ರೈವರ್ ಹೊರತೆಗೆದಳು. ಸವೆದು ಸವೆದು ಹಿಡಿಯೆಲ್ಲ ಹೊಳೆಯುತ್ತಿತ್ತು.

"ಅರ್ಧ ಸುತ್ತು ಬಾಕಿ ಬಿಟ್ಟಿದ್ದೀರಿ," ಎಂದಳು, ಬೇಸರವಿಲ್ಲದೆ. "ಆಗಲೂ ಹೀಗೇ, ಒಂದು ಸಲವೂ ಸರಿಯಾಗಿ ಬಿಗೀತಿರಲಿಲ್ಲ. ಕೆಲಸ ಬರಲ್ಲ ಪಾಪ ಅಂದ್ಕೋತಿದ್ದೆ. ಪುಣ್ಯಕ್ಕೆ ಇದನ್ನ ಕೊಟ್ರಿ. ಇದೊಂದು ಚೀಲದಲ್ಲಿದ್ರೆ ಯಾವ ಅಂಗಡಿಗೂ ಹೋಗಬೇಕಾಗಿಲ್ಲ."

ತಾನೇ ಬಿಗಿದುಕೊಂಡು, ಕನ್ನಡಕ ಏರಿಸಿ, ಇಬ್ಬರಿಗೂ ಕೈಮುಗಿದು ಹೊರಟಳು.

ಮೆಟ್ಟಿಲ ಮೇಲೆ ಸದ್ದು ಕೇಳಿತು. ಟಕ್, ಟಕ್, ಒಂದು ಮೌನ. ಟಕ್, ಟಕ್, ಒಂದು ಮೌನ.

ಸಂಪಾದಕಿ ತಲೆ ಓರೆ ಮಾಡಿ ಆಲಿಸಿದಳು. ಏನೋ ಕೇಳಹೊರಟವಳು ಹಾಳೆಗಳತ್ತ ನೋಡಿ ಕೆಲಸ ನೆನಪಾದವಳಂತೆ ಪೆನ್ನು ಎತ್ತಿಕೊಂಡಳು.

"ಸಾರ್, ಆ ಮೆಟ್ಟಿಲು ಹಾರಿಸೋ ವಿಷಯ, ಹದಿನೇಳನೇ ಚೀಟಿ. ಅದನ್ನ ತೆಗೆದಿದ್ದೀರಿ ತಾನೇ?"

ಸದ್ದು ಬೀದಿಗಿಳಿದು ಮುಗಿಯುವವರೆಗೂ ಭೂತಗನ್ನಡಿ ಕಾದ.

"ತೆಗೆದಿದ್ದೀನಿ," ಎಂದ, ತಲೆ ಎತ್ತದೆ.