ಟೇಲರ್‌ಗೆ ನಾನು ಬಿಳಿ ಕೋಲು ಆರಿಸಿದ್ದು

ಕೋಲಿನ ವಿಷಯಕ್ಕ ನಾನು ಕೈ ಹಾಕಿದಾಗೆಲ್ಲ ಏನಾರ ಒಂದು ಆಗಾದಾ. ನಲವತ್ತು ವರ್ಷ ಕುರಿ ಕಾಯ್ದವ ನಾನು. ಗುಡೇಕೋಟೆ ಗುಡ್ಡದಾಗ ಒಮ್ಮಿ ಕರಡಿ ಎದುರಾತು. ನನ್ನ ಕೋಲು ನೋಡಿ ದಾರಿ ಬಿಟ್ಟು ನಿಂತಿತು, ನಾನು "ಹೋಗಪ್ಪ" ಅಂದ ಮ್ಯಾಲ ಹೋತು. ಸಾಲಿ ಮೆಟ್ಲು ಹತ್ತಿದವನಲ್ಲ, ಇದನ್ನೂ ಹೇಳಿ ಬರೆಸಾಕ ಹತ್ತೀನಿ. ಆದ್ರ ಕೋಲಿನ ವಿದ್ಯಾದಾಗ ನನ್ನ ಮುಂದ ಯಾರೂ ಇಲ್ಲ.

ಕೂಡ್ಲಿಗ್ಯಾಗ ನನ್ನ ಗೆಳೆಯ ಒಬ್ಬ ಟೇಲರ್ ಅದಾನ. ಸಕ್ಕರಿ ಕಾಯಿಲಿ ಅವನ ಎರಡೂ ಕಣ್ಣು ತಗೊಂತು. "ಕೊಟ್ಟೂರಿನ ಮಗಳ ಮನಿಗೆ ಒಬ್ಬನಾ ಹೋಗ್ತೀನಿ, ಯಾರ ಕೈನೂ ಹಿಡಿಯಂಗಿಲ್ಲ" ಅಂತ ಅವನ ಹಠ. ಹೆಂಡ್ತಿ, "ಒಮ್ಮಿ ಹಂಗ ಹೋಗಿ ತೋರಿಸು, ಆಮ್ಯಾಲ ತಡಿಯಂಗಿಲ್ಲ. ಯಾರದಾರ ಕೈ ಹಿಡಿದಿ ಅಂದ್ರ ಮನ್ಯಾಗ ಕುಂದರಬೇಕು" ಅಂದ್ಳು. ಕೋಲು ಆರಿಸೋ ಕೆಲಸ ನನಗ ಬಂತು.

೧. ಅಳತಿ

ಇಪ್ಪತ್ತು ಬಿದಿರು ನೆಲಕ್ಕ ಕುಟ್ಟಿ, ಎದಿಗೆ ಹಿಡಿದು ನೋಡಿ ಒಂದನ್ನ ಆರಿಸಿ, ಸುಣ್ಣ ಬಳಿದು ಒಯ್ದೆ. ಟೇಲರ್ ಗೇಣು ಹಾಕಿ ನೋಡಿದ.

"ಯಾರ ಎದಿಗೆ ಹಿಡಿದು ತಂದಿಲೇ?"

"ನನ್ನ ಎದಿಗೆ."

"ನನಗ ಮೂಗಿಗೆ ಬರ್ತೈತಿ. ನಾನು ಹಿಂಗ ಅಂಗಿ ಹೊಲಿದಿದ್ರ ಊರಾಗ ಅರ್ಧ ಮಂದಿ ಬರಿಮೈಲೆ ತಿರುಗ್ತಿದ್ರು."

೨. ಸುಣ್ಣ

ಕತ್ತರಿಸಿ ಕೊಟ್ಟೆ. ಮರುದಿನ ಒಬ್ಬನಾ ಬೀದಿಗೆ ಇಳಿದವ ತಾಸಾದ್ರೂ ಬರಲಿಲ್ಲ. ಹೆಂಡ್ತಿ ಗಾಬರಿಯಾಗಿ ಹೊರಗ ಬಂದು ನೋಡ್ತಾಳ, ನೆಲದ ತುಂಬ ಸುಣ್ಣದ ಬೊಟ್ಟು. ಬಾಗಿಲಿಂದ ಹೊಂಟು, ಚರಂಡಿ ಬಳಸಿ, ಮಲಗಿದ್ದ ಎಮ್ಮಿ ಬಳಸಿ, ನೇರ ಜಿಲೇಬಿ ಅಂಗಡಿಗೆ. ಸಕ್ಕರಿ ಕಾಯಿಲಿಯವನ ಬಾಯಾಗ ಜಿಲೇಬಿ.

ಸಂಜಿಗೆ ನನ್ನ ಹಿಡಕೊಂಡ. "ಕೋಲು ಕೊಡಲೇ ಅಂದ್ರ ಚಾಡಿಕೋರನ್ನ ಕೊಟ್ಟೀಯಲ್ಲೋ."

೩. ಮುರುಕು ಮಾಲು

ಹೊಸಪೇಟಿಗೆ ಹೋಗಿ, ಈ ಸಲ ಅವನ ಎದಿ ಅಳತಿಗೇ, ಅಂಗಡಿಯ ಬಿಳಿ ಕೋಲು ತಂದೆ. ಚೀಲ ಬಿಚ್ಚಿದ್ರ ನಾಕು ತುಂಡು, ಒಳಗ ರಬ್ಬರ್ ದಾರ. ಅಂಗಡಿಯವ ಮೋಸ ಮಾಡ್ಯಾನ ಅಂತ ದಾರ ಕಿತ್ತೊಗೆದು, ಕಾನಹೊಸಹಳ್ಳ್ಯಾಗ ಟ್ರ್ಯಾಕ್ಟರ್ ರಿಪೇರಿಯವನ ಕೈಲೆ ಕೀಲಿಗೊಂದು ಬೋಲ್ಟ್ ಹೊಡಿಸಿದೆ.

ಟೇಲರ್ ಒಂದೊಂದಾ ಬೋಲ್ಟ್ ಸವರಿ ನೋಡಿದ. "ಇದು ಮಡಿಚೋ ಕೋಲಲೇ. ಬಸ್ಸಾಗ ಮಡಿಚಿ ತೊಡಿ ಮ್ಯಾಲ ಇಟ್ಕೊಳ್ಳಾಕ ಮಾಡ್ಯಾರ."

"ಮಡಿಚೋ ಕೋಲು ಕಂಡ್ರ ಕರಡಿ ನಗ್ತೈತಿ" ಅಂದೆ.

"ಕೊಟ್ಟೂರ ಬಸ್ಸಾಗ ಎಷ್ಟು ಕರಡಿ ಅದಾವಲೇ?"

೪. ಕೊಟ್ಟೂರ ಬಸ್ಸು

ಆ ಬೋಲ್ಟಿನ ಕೋಲು ಹಿಡಿದಾ ಹೊಂಟ. ನನ್ನ ಜೀವ ತಡೀಲಿಲ್ಲ. ಇಪ್ಪತ್ತು ಹೆಜ್ಜಿ ಹಿಂದ, ಉಸಿರು ಬಿಗಿಹಿಡಿದು, ಹಿಂಬಾಲಿಸಿದೆ. ಚರಂಡಿ ದಾಟಿದ. ಬಸ್‌ಸ್ಟ್ಯಾಂಡ್ ಮುಟ್ಟಿದ. ಒಬ್ಬಾಕಿ "ಕೈ ಹಿಡ್ಕೊಳ್ರಿ" ಅಂದ್ಲು, "ಬ್ಯಾಡವ್ವ" ಅಂತ ಕೋಲಿನಿಂದ ಮೆಟ್ಲು ತಟ್ಟಿ ತಾನಾ ಹತ್ತಿದ. ನಾನು ಹಿಂದಿನ ಸೀಟಿನಾಗ ರುಮಾಲು ಮುಖಕ್ಕ ಎಳಕೊಂಡು ಕುಂತೆ.

ಕೋಲು ಮಡಿಚಾಕ ಬರ್ದ ನಡುದಾರಿಗೆ ಅಡ್ಡ ಚಾಚಿತ್ತು. ಕಂಡಕ್ಟರ್ ಬಂದು ನಿಂತ. "ಯಜಮಾನ್ರ, ಟೋಲ್ ಗೇಟ್ ಎತ್ರಿ. ಜೊತಿಗೆ ಯಾರೂ ಇಲ್ಲೇನು? ನೋಡ್ಕೊಳ್ಳಾಕ ಒಬ್ಬರು ಬೇಕಲ್ಲ."

"ಅದಕ್ಕಾ ಬಂದೀನ್ರಿ" ಅಂದ ಟೇಲರ್. "ಎರಡು ಕೊಟ್ಟೂರು ಕೊಡ್ರಿ. ಹಿಂದಿನ ಸೀಟಿನಾಗ ಕುರಿ ವಾಸನಿ ಮುದುಕ ಒಬ್ಬ ಅದಾನ. ಅವಗ ಬೋರ್ಡ್ ಓದಾಕ ಬರಂಗಿಲ್ಲ, ನಾನಾ ಇಳಿಸಿಕೊಳ್ತೀನಿ."